ಯೂರಿಯಾ, ಮಣ್ಣು, ಸೂಕ್ಷ್ಮಾಣುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾರಜನಕ ಗೊಬ್ಬರ ಮತ್ತು ಮಣ್ಣಿನ ಸೂಕ್ಷ್ಮಾಣುಗಳ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಬೇರೆ ಅಳತೆ ಹೇಳದ ಕಡೆ ಲೆಕ್ಕವೆಲ್ಲ ಎಕರೆಗೆ.

ಪ್ರಶ್ನೆ: ಯೂರಿಯಾ ಹಾಕಿದರೆ ಮಣ್ಣಿನ ಜೀವಾಣುಗಳು ಸತ್ತೇ ಹೋಗುತ್ತವೆ ಎನ್ನುತ್ತಾರೆ. ಹಾಗಾದರೆ ವರ್ಷಗಟ್ಟಲೆ ಯೂರಿಯಾ ಕಂಡ ಹೊಲದಲ್ಲಿ ಜೀವವೇ ಉಳಿದಿಲ್ಲವೇ?

ಉತ್ತರ: ಉಳಿದಿದೆ. ಉಳಿಯದಿದ್ದರೆ ನೀವು ಹಾಕಿದ ಯೂರಿಯಾದ ಬಹುಪಾಲು ಬೆಳೆಗೆ ದಕ್ಕುತ್ತಲೇ ಇರಲಿಲ್ಲ. ಯೂರಿಯಾ ಕಾಳನ್ನು ಮೊದಲು ಒಡೆಯುವುದು ಯೂರಿಯೇಸ್ ಎಂಬ ಕಿಣ್ವ. ಅದು ಮಣ್ಣಿಗೆ ಸೇರುವುದು ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಕೊಳೆಯುತ್ತಿರುವ ಗಿಡದ ಭಾಗಗಳಿಂದ. ಹೀಗೆ ಒಡೆದಾಗ ಅಮೋನಿಯಂ ಸಿಗುತ್ತದೆ. ಅದನ್ನು ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ನೈಟ್ರೊಬ್ಯಾಕ್ಟರ್, ನೈಟ್ರೊಸ್ಪೈರಾಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಬೆಳೆಯ ಬೇರು ಹೀರುವುದು ಮುಖ್ಯವಾಗಿ ಅಮೋನಿಯಂ ಮತ್ತು ನೈಟ್ರೇಟ್ ರೂಪದ ಸಾರಜನಕವನ್ನು. ಅಂದರೆ ಚೀಲದಿಂದ ಬೇರಿನವರೆಗೆ ಗೊಬ್ಬರ ಸೂಕ್ಷ್ಮಾಣುಗಳ ಕೈದಾಟಿಯೇ ಬರಬೇಕು.

ಆದರೂ ಸಾವು ಇಲ್ಲವೆಂದಲ್ಲ. ಕಾಳು ಕರಗಿದ ಜಾಗದ ಸುತ್ತ ಒಂದೆರಡು ಸೆಂಟಿಮೀಟರ್ ಮಣ್ಣಿನಲ್ಲಿ ರಸಸಾರ (ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ: 7 ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ತಾತ್ಕಾಲಿಕವಾಗಿ 9ರ ಹತ್ತಿರ ಏರುತ್ತದೆ, ಅಮೋನಿಯಂನ ಒಂದು ಪಾಲು ಅಮೋನಿಯಾ ಅನಿಲವಾಗಿ ತುಂಬಿಕೊಳ್ಳುತ್ತದೆ. ಈ ಅಮೋನಿಯಾಕ್ಕೆ ಹೆಚ್ಚು ನಲುಗುವವು ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ. ಮೊದಲ ಹಂತದವು ಕೆಲಸ ಮಾಡುತ್ತಲೇ ಇರುತ್ತವೆ, ಎರಡನೇ ಹಂತದವು ಸುಮ್ಮನಾಗುತ್ತವೆ. ಹಾಗಾಗಿ ನಡುವಿನ ನೈಟ್ರೈಟ್ ಅಲ್ಲೇ ಶೇಖರವಾಗಿ ಎಳೆಯ ಬೇರಿಗೂ ವಿಷವಾಗುತ್ತದೆ. ಬಿತ್ತನೆ ಸಾಲಿನಲ್ಲೇ ಬೀಜದ ಜೊತೆ ಯೂರಿಯಾ ಬಿದ್ದರೆ ಮೊಳಕೆ ಸುಡುವುದಕ್ಕೆ ಅಮೋನಿಯಾ ಮೊದಲ ಕಾರಣ, ನೈಟ್ರೈಟ್ ಎರಡನೆಯದು. ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಗೊಬ್ಬರ ಬಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆಲವು ವಾರಗಳಲ್ಲಿ ಆ ಜಾಗದ ರಸಸಾರ ಇಳಿದು, ಸುತ್ತಲಿನ ಮಣ್ಣಿನಿಂದ ಸೂಕ್ಷ್ಮಾಣುಗಳು ಮತ್ತೆ ತುಂಬಿಕೊಳ್ಳುತ್ತವೆ.

ದೀರ್ಘಕಾಲದ ಮಾತು ಬೇರೆ. 64 ದೀರ್ಘಾವಧಿ ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ರಾಸಾಯನಿಕ ಗೊಬ್ಬರ ಪಡೆದ ಬೆಳೆತಾಕುಗಳ ಸೂಕ್ಷ್ಮಾಣು ತೂಕ ಗೊಬ್ಬರವಿಲ್ಲದ ತಾಕುಗಳಿಗಿಂತ ಸರಾಸರಿ ಶೇ. 15ರಷ್ಟು ಹೆಚ್ಚಿತ್ತು. ಬೆಳೆ ಹುಲುಸಾದರೆ ಬೇರು, ಕೂಳೆ ಹೆಚ್ಚು ಉಳಿಯುತ್ತವೆ, ಅದೇ ಸೂಕ್ಷ್ಮಾಣುಗಳ ಆಹಾರ. ಆದರೆ ರಸಸಾರ 5ಕ್ಕಿಂತ ಕೆಳಗಿಳಿದ ಮಣ್ಣುಗಳಲ್ಲಿ ಲೆಕ್ಕ ತಿರುಗಿ ಸೂಕ್ಷ್ಮಾಣುಗಳು ಕಡಿಮೆಯಾಗುವತ್ತ ಸಾಗಿದ್ದವು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಹುಲ್ಲುಗಾವಲು ಪ್ರಯೋಗದಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟನ್ನೇ ಹಾಕುತ್ತ ಬಂದ ತಾಕುಗಳಲ್ಲಿ ರಸಸಾರ 4ಕ್ಕಿಂತ ಕೆಳಗೆ ಹೋಗಿ, ಸತ್ತ ಹುಲ್ಲು ಕೊಳೆಯದೆ ಮೇಲೆ ದಪ್ಪ ಚಾಪೆಯಾಗಿ ಕೂತಿದೆ. ಕೊಳೆಸುವವರೇ ಕಡಿಮೆಯಾಗಿದ್ದಾರೆ. ಆದ್ದರಿಂದ ನಿಮ್ಮ ಹೊಲದ ಬಗ್ಗೆ ಕೇಳಬೇಕಾದ್ದು ಎರಡು: ಮಣ್ಣು ಹುಳಿಯಾಗಿದೆಯೇ, ಬೆಳೆಯ ಉಳಿಕೆ ಮಣ್ಣಿಗೆ ಮರಳುತ್ತಿದೆಯೇ. ಕೂಳೆಗೆ ಬೆಂಕಿ ಹಚ್ಚಿ, ಹುಲ್ಲನ್ನೆಲ್ಲ ಹೊರಗೆ ಸಾಗಿಸಿ, ಬರೀ ಯೂರಿಯಾ ಕೊಡುತ್ತ ಹೋದರೆ ಸೂಕ್ಷ್ಮಾಣುಗಳು ಹಸಿವಿನಿಂದ ಕಡಿಮೆಯಾಗುತ್ತವೆ. ಆ ತಪ್ಪನ್ನು ಯೂರಿಯಾದ ತಲೆಗೆ ಕಟ್ಟುವುದು ಸರಿಯಲ್ಲ.

ಪ್ರಶ್ನೆ: ಮೆಕ್ಕೆಜೋಳಕ್ಕೆ 30ನೇ ದಿನ ಯೂರಿಯಾ ಎರಚಿದೆ. ನೆಲ ಸ್ವಲ್ಪ ತೇವವಿತ್ತು, ಮಳೆ ಬರಲಿಲ್ಲ. ಹತ್ತು ದಿನವಾದರೂ ಎಲೆಗೆ ಬಣ್ಣ ಬಂದಿಲ್ಲ. ಗೊಬ್ಬರ ಕಲಬೆರಕೆಯೇ?

ಉತ್ತರ: ಕಲಬೆರಕೆಗಿಂತ ಮೊದಲು ಗಾಳಿಯ ಮೇಲೆ ಸಂಶಯ ಪಡಿ. ನೀವು ಹೇಳಿದ ಸ್ಥಿತಿ ಯೂರಿಯಾಕ್ಕೆ ಅತ್ಯಂತ ಕೆಟ್ಟದ್ದು. ನೆಲ ಪೂರಾ ಒಣಗಿದ್ದರೆ ಕಾಳು ಹಾಗೇ ಕಾಯುತ್ತ ಕೂರುತ್ತದೆ. ಚೆನ್ನಾಗಿ ಮಳೆ ಬಂದರೆ ಕರಗಿ ಒಳಗಿಳಿಯುತ್ತದೆ. ಅರೆಬರೆ ತೇವದಲ್ಲಿ, ಇಲ್ಲವೇ ರಾತ್ರಿಯ ಇಬ್ಬನಿಯಲ್ಲಿ, ಅದು ಮೇಲ್ಮೈಯಲ್ಲೇ ಕರಗುತ್ತದೆ. ಯೂರಿಯೇಸ್ ಅದನ್ನು ಅಲ್ಲೇ ಒಡೆಯುತ್ತದೆ, ಹಗಲಿನ ಬಿಸಿಲು-ಗಾಳಿ ಅಮೋನಿಯಾವನ್ನು ಎತ್ತಿಕೊಂಡು ಹೋಗುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಈ ಒಡೆಯುವ ಕೆಲಸ 2ರಿಂದ 7 ದಿನದಲ್ಲಿ ಮುಗಿಯುತ್ತದೆ. ಮಣ್ಣು ಕ್ಷಾರವಾಗಿದ್ದರೆ, ಮರಳಾಗಿದ್ದರೆ ಅಥವಾ ಮೇಲೆ ಹುಲ್ಲು-ರವದಿಯ ಹೊದಿಕೆ ಇದ್ದರೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಉಳಿಕೆಯ ಮೇಲೆ ಯೂರಿಯೇಸ್ ಮಣ್ಣಿಗಿಂತ ಚುರುಕಾಗಿರುತ್ತದೆ. ಇಂಥ ಹೊತ್ತಿನಲ್ಲಿ ಹಾಕಿದ ಸಾರಜನಕದ ಶೇ. 20-30 ಗಾಳಿಗೆ ಹೋಗುವುದು ಅಪರೂಪವಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಬಾಟಲಿಗೆ ನಿಮ್ಮ ಹೊಲದ ತೇವ ಮಣ್ಣನ್ನು ಅರ್ಧದವರೆಗೆ ತುಂಬಿ. ಒಂದರಲ್ಲಿ ಒಂದು ಚಮಚ ಯೂರಿಯಾವನ್ನು ಮೇಲೆ ಉದುರಿಸಿ. ಇನ್ನೊಂದರಲ್ಲಿ ಅಷ್ಟೇ ಯೂರಿಯಾ ಹಾಕಿ ಮೇಲೆ 5 ಸೆಂ.ಮೀ. ಮಣ್ಣು ಮುಚ್ಚಿ. ಬಿಳಿ ಕಾಗದದ ಪಟ್ಟಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ, ಒದ್ದೆಯಿರುವಾಗಲೇ ಎರಡೂ ಬಾಟಲಿಯ ಬಾಯಿಂದ ಒಳಕ್ಕೆ ಇಳಿಬಿಟ್ಟು ಮುಚ್ಚಳ ಹಾಕಿ. ಕಾಗದ ಮಣ್ಣಿಗೆ ತಾಗಬಾರದು, ಒಣಗಿದರೆ ಮತ್ತೆ ಒದ್ದೆ ಮಾಡಿ. ಮೇಲೆ ಉದುರಿಸಿದ ಬಾಟಲಿಯಲ್ಲಿ ಕೆಲವು ದಿನಗಳಲ್ಲಿ ಹಳದಿ ಕಾಗದ ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ತಂದದ್ದು ಅಮೋನಿಯಾ. ಮುಚ್ಚಿದ ಬಾಟಲಿಯಲ್ಲಿ ಬಣ್ಣ ತಡವಾಗಿ, ತೆಳುವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಮುಂದಿನ ಸಲ ಸಾಲಿನ ಪಕ್ಕ ಗೀರು ಹಾಕಿ 5-7 ಸೆಂ.ಮೀ. ಆಳಕ್ಕೆ ಯೂರಿಯಾ ಬಿಟ್ಟು ಎಡೆಕುಂಟೆ ಹೊಡೆದು ಮುಚ್ಚಿ. ಆಗದಿದ್ದರೆ ಎರಚಿದ ದಿನವೇ 12-15 ಮಿ.ಮೀ.ನಷ್ಟು ನೀರು ಕೊಡಿ. ಯೂರಿಯಾಕ್ಕೆ ವಿದ್ಯುದಾವೇಶವಿಲ್ಲ, ಹಾಗಾಗಿ ಮಣ್ಣಿನ ಕಣಕ್ಕೆ ಅಂಟಿಕೊಳ್ಳದೆ ನೀರಿನ ಜೊತೆ ಇಳಿಯುತ್ತದೆ. ಈ ಗುಣ ಒಡೆಯುವ ಮೊದಲಷ್ಟೇ ಉಪಯೋಗಕ್ಕೆ ಬರುತ್ತದೆ. ನಾಲ್ಕು ದಿನ ಬಿಟ್ಟು ನೀರು ಕೊಟ್ಟರೆ ಹೋದದ್ದು ಮರಳುವುದಿಲ್ಲ. ಈಗಿನ ಬೆಳೆಗೆ, ಕೆಳಗಿನ ಎಲೆಗಳ ತುದಿಯಿಂದ ನಡುನರದ ಗುಂಟ ಹಳದಿ ಇಳಿಯುತ್ತಿದ್ದರೆ, ಎಕರೆಗೆ 20 ಕೆ.ಜಿ. ಯೂರಿಯಾವನ್ನು ಮಣ್ಣಿನಲ್ಲಿ ಮುಚ್ಚಿ ಕೊಡಿ. ತೆನೆ ಒಡೆದ ಮೇಲೆ ಕೊಟ್ಟು ಹೆಚ್ಚು ಪ್ರಯೋಜನವಿಲ್ಲ.

ಪ್ರಶ್ನೆ: ಎಕರೆಗೆ 50 ಕೆ.ಜಿ. ಸಾರಜನಕ ಕೊಡಬೇಕು. 50 ಕೆ.ಜಿ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್ ಗೊಬ್ಬರ) ಹಾಕಿದ್ದೇನೆ. ಯೂರಿಯಾ ಎಷ್ಟು?

ಉತ್ತರ: ಡಿಎಪಿಯಲ್ಲಿ ಶೇ. 18 ಸಾರಜನಕ, ಅಂದರೆ 9 ಕೆ.ಜಿ. ಬಂತು. ಉಳಿದದ್ದು 41. ಯೂರಿಯಾದಲ್ಲಿ ಶೇ. 46, ಆದ್ದರಿಂದ 41ನ್ನು 0.46ರಿಂದ ಭಾಗಿಸಿ: ಸುಮಾರು 89 ಕೆ.ಜಿ. ಇದನ್ನು ಒಂದೇ ಸಲ ಹಾಕಬೇಡಿ, ಎರಡು-ಮೂರು ಕಂತು ಮಾಡಿ.

ಪ್ರಶ್ನೆ: ಈ ಸಲ ಹುಲ್ಲು ಸುಡದೆ ಉತ್ತು ಮಣ್ಣಿಗೆ ಸೇರಿಸಿದೆವು. ವಾರದ ನಂತರ ಬಿತ್ತಿದೆವು. ಎಂದಿನಷ್ಟೇ ಗೊಬ್ಬರ ಕೊಟ್ಟರೂ ಇಪ್ಪತ್ತು ದಿನಕ್ಕೆ ಪೈರು ಹಳದಿಯಾಗಿದೆ. ಸುಟ್ಟಿದ್ದರೇ ಒಳ್ಳೆಯದಿತ್ತು ಎನಿಸುತ್ತಿದೆ.

ಉತ್ತರ: ಹಾಗೆ ಅಂದುಕೊಳ್ಳಬೇಡಿ. ನೀವು ಮಾಡಿದ ಕೆಲಸ ಸರಿ, ಅವಧಿಯ ಲೆಕ್ಕ ಮಾತ್ರ ತಪ್ಪಿದೆ. ನಿಮ್ಮ ಗೊಬ್ಬರ ಈಗ ಸೂಕ್ಷ್ಮಾಣುಗಳ ಮೈಯಲ್ಲಿದೆ.

ಒಂದು ಟನ್ ಒಣ ಭತ್ತದ ಹುಲ್ಲಿನಲ್ಲಿ ಇಂಗಾಲ ಸುಮಾರು 400 ಕೆ.ಜಿ., ಸಾರಜನಕ 5-6 ಕೆ.ಜಿ. ಮಾತ್ರ. ಕೊಳೆಸುವ ಸೂಕ್ಷ್ಮಾಣುಗಳು ಆ ಇಂಗಾಲದ ಸುಮಾರು ಮೂರನೇ ಒಂದು ಪಾಲನ್ನು, ಅಂದರೆ 130 ಕೆ.ಜಿ.ಯನ್ನು, ತಮ್ಮ ದೇಹ ಕಟ್ಟಲು ಬಳಸುತ್ತವೆ. ಉಳಿದದ್ದನ್ನು ಉಸಿರಾಗಿ ಬಿಡುತ್ತವೆ. ಅವುಗಳ ದೇಹದಲ್ಲಿ 8-10 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. 130 ಕೆ.ಜಿ. ಇಂಗಾಲಕ್ಕೆ ಸುಮಾರು 14 ಕೆ.ಜಿ. ಸಾರಜನಕವಾಯಿತು. ಹುಲ್ಲಿನಲ್ಲಿರುವುದು 5-6. ಕೊರತೆಯ 8-9 ಕೆ.ಜಿ.ಯನ್ನು ಅವು ಮಣ್ಣಿನಿಂದ, ಅಂದರೆ ನೀವು ಹಾಕಿದ ಯೂರಿಯಾದಿಂದ, ಎಳೆದುಕೊಳ್ಳುತ್ತವೆ. ಪೈಪೋಟಿಯಲ್ಲಿ ಎಳೆಯ ಬೇರು ಅವುಗಳ ಮುಂದೆ ನಿಲ್ಲಲಾರದು. ಸಾಮಾನ್ಯವಾಗಿ ಇಂಗಾಲ-ಸಾರಜನಕ ಅನುಪಾತ 25ಕ್ಕಿಂತ ಹೆಚ್ಚಿರುವ ಯಾವ ಉಳಿಕೆ ಸೇರಿಸಿದರೂ ಹೀಗೆ ಆಗುತ್ತದೆ. ಹುಲ್ಲಿನ ಅನುಪಾತ 70ರ ಆಸುಪಾಸು, ಹೂ ಬಿಡುವ ಮೊದಲಿನ ಸೆಣಬು, ಡಯಂಚದಂಥ ಹಸಿರೆಲೆ ಗೊಬ್ಬರದ್ದು 20ರ ಸುತ್ತಮುತ್ತ. ಅದಕ್ಕೇ ಹಸಿರೆಲೆ ಗೊಬ್ಬರದಲ್ಲಿ ಈ ಹಳದಿ ಕಾಣುವುದಿಲ್ಲ.

ಈಗ ಮಾಡಬೇಕಾದ್ದು: ಸೇರಿಸಿದ ಹುಲ್ಲು ಎಕರೆಗೆ 2 ಟನ್ ಇದ್ದರೆ 35-40 ಕೆ.ಜಿ. ಯೂರಿಯಾವನ್ನು ಎರಡು ಕಂತಿನಲ್ಲಿ, ಹತ್ತು ದಿನ ಬಿಟ್ಟು, ಮಣ್ಣಿಗೆ ಮುಚ್ಚಿ ಕೊಡಿ. ಮುಂದಿನ ವರ್ಷ ಹುಲ್ಲು ಸೇರಿಸುವಾಗಲೇ ಟನ್ನಿಗೆ 15-20 ಕೆ.ಜಿ. ಯೂರಿಯಾ ಎರಚಿ ಉಳುಮೆ ಮಾಡಿ. ಮಣ್ಣಿನಲ್ಲಿ ಹದ ಇರಲಿ, ಒಣ ಮಣ್ಣಿನಲ್ಲಿ ಏನೂ ಕೊಳೆಯುವುದಿಲ್ಲ. ಬಿತ್ತನೆಗೆ 3-4 ವಾರ ಬಿಡಿ. ಹುಲ್ಲನ್ನು ಕತ್ತರಿಸಿ ಸೇರಿಸಿದರೆ ಕೊಳೆಯುವಿಕೆ ಚುರುಕಾಗುತ್ತದೆ. ಹೀಗೆ ಹಿಡಿದಿಟ್ಟ ಸಾರಜನಕ ನಷ್ಟವಲ್ಲ. ಹುಲ್ಲು ಕರಗಿ ಆಹಾರ ಮುಗಿದಂತೆ ಸೂಕ್ಷ್ಮಾಣುಗಳು ಸತ್ತು ಅದನ್ನು ಬಿಟ್ಟುಕೊಡುತ್ತವೆ. ಅದರ ಒಂದು ಪಾಲು ಇದೇ ಬೆಳೆಯ ಕೊನೆಗೆ, ಉಳಿದದ್ದು ಮುಂದಿನ ಬೆಳೆಗಳಿಗೆ. ಅಷ್ಟು ದಿನ ಅದು ಮಳೆಗೆ ಬಸಿದೂ ಹೋಗುವುದಿಲ್ಲ. ಸುಟ್ಟಿದ್ದರೆ ಹುಲ್ಲಿನೊಳಗಿನ ಸಾರಜನಕದ ಬಹುಪಾಲು ಹೊಗೆಯಾಗುತ್ತಿತ್ತು.

ಪ್ರಶ್ನೆ: ಗದ್ದೆಯಲ್ಲಿ ನಿಂತ ನೀರಿಗೇ ಯೂರಿಯಾ ಎರಚುತ್ತೇವೆ. ನೀರೇ ಇರುವಾಗ ಗಾಳಿಗೆ ಹೋಗುವ ಭಯವಿಲ್ಲ ಅಲ್ಲವೇ?

ಉತ್ತರ: ಭಯ ಹೆಚ್ಚು. ಗದ್ದೆಯ ನೀರಿನಲ್ಲಿ ಪಾಚಿ ಇರುತ್ತದೆ. ಹಗಲಿನಲ್ಲಿ ಅದು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನ ರಸಸಾರ 9 ದಾಟಬಹುದು, ಆಗ ಅಮೋನಿಯಂ ಅಮೋನಿಯಾ ಆಗಿ ಹಾರುತ್ತದೆ. ಇನ್ನೊಂದು ದಾರಿ ಕಣ್ಣಿಗೆ ಕಾಣದ್ದು. ಕೆಸರಿನ ಮೇಲ್ಪದರದ ಕೆಲವೇ ಮಿಲಿಮೀಟರ್‌ನಲ್ಲಿ ಆಮ್ಲಜನಕವಿದೆ, ಅಲ್ಲಿ ಅಮೋನಿಯಂ, ನೈಟ್ರೇಟ್ ಆಗಿ ಬದಲಾಗುತ್ತದೆ. ಅದು ಕೆಳಗಿನ ಆಮ್ಲಜನಕವಿಲ್ಲದ ಕೆಸರಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿ ಅದನ್ನು ಸಾರಜನಕ ಅನಿಲ ಮಾಡಿಬಿಡುತ್ತವೆ. ನಡುವೆ ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿಯೂ ತಪ್ಪಿಸಿಕೊಳ್ಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುವ ಅನಿಲ.

ಮೇಲುಗೊಬ್ಬರಕ್ಕೆ ಮೊದಲು ನೀರು ಬಸಿದು ಕೆಸರು ಮಾತ್ರ ಉಳಿಸಿ. ಯೂರಿಯಾ ಎರಚಿ ಸಾಲುಗಳ ನಡುವೆ ಕಳೆ ಯಂತ್ರ ಓಡಿಸಿ ಕೆಸರಿಗೆ ಬೆರೆಸಿ, 24-48 ಗಂಟೆ ಬಿಟ್ಟು ನೀರು ಕಟ್ಟಿ. ಒಣಗಿಸಿ-ನೆನೆಸುವ ಪದ್ಧತಿಯಲ್ಲಿ ಬೆಳೆಯುವವರು ಒಣಗಿದ ಗದ್ದೆಗೆ, ನೀರು ಹಾಯಿಸುವ ಮುನ್ನ ಕೊಡಬೇಕು. ಇಳಿಯುವ ನೀರೇ ಗೊಬ್ಬರವನ್ನು ಬೇರಿನ ಮಟ್ಟಕ್ಕೆ ಒಯ್ಯುತ್ತದೆ.

ಎಲ್ಲಕ್ಕಿಂತ ಮೇಲಾದದ್ದು ಆಳದಲ್ಲಿ ಇಡುವುದು. ನಾಟಿಯಾದ 7-10 ದಿನದೊಳಗೆ ನಾಲ್ಕು ಬುಡಗಳ ನಡುವೆ ಒಂದರಂತೆ ದೊಡ್ಡ ಯೂರಿಯಾ ಗುಳಿಗೆಯನ್ನು 7-10 ಸೆಂ.ಮೀ. ಆಳಕ್ಕೆ ಒತ್ತಿ ಮುಚ್ಚಬೇಕು. ಆ ಆಳದಲ್ಲಿ ಆಮ್ಲಜನಕವಿಲ್ಲ, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲಸ ಮಾಡಲಾರವು. ಅಮೋನಿಯಂ ಅಮೋನಿಯಂ ಆಗಿಯೇ ಉಳಿದು ನಿಧಾನವಾಗಿ ಬೇರಿಗೆ ಸಿಗುತ್ತದೆ. ಕೂಲಿ ಹೆಚ್ಚು ಬೇಕು, ನಿಜ. ನೀರು ಬೇಗ ಇಂಗುವ ಮರಳು ಗದ್ದೆಯಲ್ಲಿ ಇದು ಬೇಡ, ಗೊಬ್ಬರ ಬೇರಿನ ಕೆಳಗೆ ಇಳಿದುಹೋಗುತ್ತದೆ.

ಪ್ರಶ್ನೆ: ಬೇವು ಲೇಪಿತ ಯೂರಿಯಾ ಬಳಸುತ್ತೇನೆ. ಇದನ್ನು ಮೇಲೆ ಎರಚಿದರೂ ಪರವಾಗಿಲ್ಲವೇ?

ಉತ್ತರ: ಇಲ್ಲ, ಇಲ್ಲೇ ಬಹಳಷ್ಟು ಜನ ಎಡವುತ್ತಾರೆ. ಬೇವಿನೆಣ್ಣೆಯ ಮುಖ್ಯ ಕೆಲಸ ಅಮೋನಿಯಂ, ನೈಟ್ರೇಟ್ ಆಗಿ ಬದಲಾಗುವುದನ್ನು ನಿಧಾನ ಮಾಡುವುದು. ಡಿಸಿಡಿ, ನೈಟ್ರಾಪೈರಿನ್, ಡಿಎಂಪಿಪಿ ಎಂಬ ರಾಸಾಯನಿಕಗಳು ಮಾಡುವುದೂ ಅದನ್ನೇ. ನೈಟ್ರೇಟ್ ಬಸಿದುಹೋಗುವುದು, ನೀರು ನಿಂತಾಗ ಅನಿಲವಾಗುವುದು ಇವುಗಳಿಂದ ಕಡಿಮೆಯಾಗುತ್ತದೆ. ಅಮೋನಿಯಾ ಹಾರುವುದು ಅದಕ್ಕಿಂತ ಮೊದಲಿನ ಹಂತ. ಅಮೋನಿಯಂ ಹೆಚ್ಚು ದಿನ ಅಮೋನಿಯಂ ಆಗಿಯೇ ಉಳಿಯುವುದರಿಂದ, ಮೇಲೆ ಬಿದ್ದ ಗೊಬ್ಬರದಲ್ಲಿ ಆ ನಷ್ಟ ಹೆಚ್ಚುವುದೂ ಉಂಟು. ಯೂರಿಯೇಸನ್ನೇ ತಡೆಯುವ ವಸ್ತು ಬೇರೆ, ಎನ್‌ಬಿಪಿಟಿ. ಅದು ಒಂದೆರಡು ವಾರದಷ್ಟು ಬಿಡುವು ಕೊಡುತ್ತದೆ, ಅಷ್ಟರಲ್ಲಿ ಮಳೆಯೋ ನೀರೋ ಗೊಬ್ಬರವನ್ನು ಒಳಗಿಳಿಸಬೇಕು. ಬೇವು ಲೇಪಿತವನ್ನೂ ಮುಚ್ಚಿಯೇ ಹಾಕಿ.

ಪ್ರಶ್ನೆ: ಸೋಯಾ ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಹಚ್ಚಿ ಬಿತ್ತಿದೆ. ಬೇರಿನಲ್ಲಿ ಗಂಟು ಇಲ್ಲವೇ ಇಲ್ಲ ಎನ್ನಬಹುದು. ಎಕರೆಗೆ ಒಂದು ಚೀಲ ಯೂರಿಯಾ ಕೊಟ್ಟಿದ್ದೆ. ಏನು ತಪ್ಪಾಗಿದೆ?

ಉತ್ತರ: ತಪ್ಪು ಆ ಚೀಲದಲ್ಲೇ ಶುರುವಾಗಿದೆ. ಗಾಳಿಯ ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ಬ್ಯಾಕ್ಟೀರಿಯಾಕ್ಕೆ ಕನಿಷ್ಠ 16 ಎಟಿಪಿ ಅಣುಗಳ ಶಕ್ತಿ ಬೇಕು. ಆ ಶಕ್ತಿಯ ಸಕ್ಕರೆಯನ್ನು ಒದಗಿಸುವುದು ಗಿಡ. ಮಣ್ಣಿನಲ್ಲಿ ನೈಟ್ರೇಟ್ ಸುಲಭವಾಗಿ ಸಿಗುವಾಗ ಗಿಡ ಗಂಟು ಕಟ್ಟುವ ಖರ್ಚಿಗೆ ಹೋಗುವುದಿಲ್ಲ. ದ್ವಿದಳ ಬೆಳೆಗೆ ಮೊದಲ ಮೂರು ವಾರ ದಾಟಲು ಎಕರೆಗೆ 8-10 ಕೆ.ಜಿ. ಸಾರಜನಕ ಸಾಕು. ಡಿಎಪಿ 50 ಕೆ.ಜಿ. ಹಾಕಿದರೆ ಅದರಲ್ಲೇ ಅಷ್ಟು ಬರುತ್ತದೆ.

ಉಳಿದ ಕಾರಣಗಳನ್ನೂ ಒಂದೊಂದಾಗಿ ನೋಡಿ. ಪೊಟ್ಟಣದ ಮೇಲೆ ಸೋಯಾ ಎಂದೇ ಬರೆದಿತ್ತೇ? ಸೋಯಾಕ್ಕೆ ಬ್ರಾಡಿರೈಜೋಬಿಯಂ ಜಪೋನಿಕಂ ಬೇಕು, ಕಡಲೆಯ ಪೊಟ್ಟಣ ನಡೆಯದು. ಅವಧಿ ಮೀರಿತ್ತೇ, ಬಿಸಿಲಿನಲ್ಲಿ ಬಿದ್ದಿತ್ತೇ? ಒಳಗಿರುವುದು ಜೀವ, 40 ಡಿಗ್ರಿ ದಾಟಿದ ಕಡೆ ಇಟ್ಟರೆ ಸಾಯುತ್ತದೆ. ಶಿಲೀಂಧ್ರನಾಶಕದ ಜೊತೆಗೇ ಕಲಸಿದಿರೇ? ಕ್ರಮ ಹೀಗಿರಬೇಕು: ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಬೀಜ ಒಣಗಿ ಒಂದು ದಿನ ಕಳೆದ ಮೇಲೆ ಕೊನೆಯದಾಗಿ ರೈಜೋಬಿಯಂ. ತಾಮ್ರ ಇರುವ ಶಿಲೀಂಧ್ರನಾಶಕವಂತೂ ಬೇಡವೇ ಬೇಡ.

ಹಚ್ಚುವ ವಿಧಾನ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಹಾಕಿ ಕುದಿಸಿ ಪೂರ್ತಿ ಆರಿಸಿ. 10 ಕೆ.ಜಿ. ಬೀಜಕ್ಕೆ ಈ ಪಾಕ 300-400 ಮಿ.ಲೀ. ಸಾಕು, ಅದರಲ್ಲಿ 200 ಗ್ರಾಂ ಪೊಟ್ಟಣವನ್ನು ಕಲಸಿ ಬೀಜದ ಮೇಲೆ ಸುರಿದು, ಸಿಪ್ಪೆ ಬಿಡದಂತೆ ಹಗುರವಾಗಿ ಹೊರಳಿಸಿ. ನೆರಳಿನಲ್ಲಿ ಅರ್ಧ ಗಂಟೆ ಒಣಗಿಸಿ, ಅದೇ ದಿನ ಹದ ಮಣ್ಣಿಗೆ ಬಿತ್ತಿ. ಹುಳಿ ಮಣ್ಣಾದರೆ ಬೀಜದ ಮೇಲಿನ ಪಾಕ ಒಣಗುವ ಮೊದಲೇ ನುಣುಪಾದ ಸುಣ್ಣಕಲ್ಲಿನ ಪುಡಿ ಲೇಪಿಸಬಹುದು. ಸುಟ್ಟ ಸುಣ್ಣ ಅಥವಾ ಅರಳಿದ ಸುಣ್ಣ ಬಳಸಿದರೆ ಅದರ ಕ್ಷಾರಕ್ಕೆ ಬ್ಯಾಕ್ಟೀರಿಯಾವೇ ಸಾಯುತ್ತದೆ.

ಪರೀಕ್ಷೆ 30-35ನೇ ದಿನ ಮಾಡಿ. ಗಿಡವನ್ನು ಕೈಯಿಂದ ಕೀಳಬೇಡಿ, ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ ನೀರಿನಲ್ಲಿ ನೆನೆಸಿ ತೊಳೆಯಿರಿ. ಗಂಟನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಒಳಗಿನ ಬಣ್ಣ ನೋಡಿ. ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ, ಆ ಬಣ್ಣ ಲೆಗ್‌ಹಿಮೊಗ್ಲೋಬಿನ್ ಎಂಬ ಪ್ರೋಟೀನಿನದು. ಬಿಳಿ ಇದ್ದರೆ ಗಂಟು ಇನ್ನೂ ಎಳೆಯದು ಅಥವಾ ನಿಷ್ಪ್ರಯೋಜಕ, ಹಸಿರು ಇದ್ದರೆ ಮುಪ್ಪಾಗಿದೆ. ಈ ಹೊತ್ತಿಗೂ ಗಂಟೇ ಇಲ್ಲದಿದ್ದರೆ ಈ ಬೆಳೆಯಲ್ಲಿ ಅದನ್ನು ತರಿಸುವ ದಾರಿಯಿಲ್ಲ. ಹೂ ಬಿಡುವ ಮೊದಲು ಯೂರಿಯಾ ಕೊಟ್ಟು ಬೆಳೆ ಉಳಿಸಿಕೊಳ್ಳಿ.

ಪ್ರಶ್ನೆ: ಅಜೋಸ್ಪಿರಿಲಂ (ಸಾರಜನಕ ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯಾ) ಪುಡಿಯನ್ನು ಯೂರಿಯಾದಲ್ಲಿ ಬೆರೆಸಿ ಒಟ್ಟಿಗೆ ಎರಚಬಹುದೇ?

ಉತ್ತರ: ಬೇಡ. ಕಾಳಿನ ಪಕ್ಕದ ಉಪ್ಪಿಗೆ, ಅಮೋನಿಯಾಕ್ಕೆ ಅದು ಬದುಕುವುದಿಲ್ಲ. ಪುಡಿಯನ್ನು ಚೆನ್ನಾಗಿ ಕೊಳೆತ, ತೇವವಿರುವ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಸಂಜೆ ಹೊತ್ತು ಸಾಲಿಗೆ ಕೊಡಿ, ಯೂರಿಯಾಕ್ಕೆ ಒಂದು ವಾರವಾದರೂ ಅಂತರವಿರಲಿ.

ಪ್ರಶ್ನೆ: ಅಮೋನಿಯಂ ಸಲ್ಫೇಟ್ ಯೂರಿಯಾದಂತೆ ಹಾರುವುದಿಲ್ಲ ಎಂದು ಅದನ್ನೇ ಬಳಸುತ್ತಿದ್ದೇನೆ. ಮಣ್ಣು ಪರೀಕ್ಷೆಯಲ್ಲಿ ರಸಸಾರ 5.4 ಬಂದಿದೆ. ಸಂಬಂಧವಿದೆಯೇ?

ಉತ್ತರ: ನೇರ ಸಂಬಂಧವಿದೆ. ಒಂದು ಅಮೋನಿಯಂ ಅಯಾನು ನೈಟ್ರೇಟ್ ಆಗಿ ಬದಲಾಗುವಾಗ ಎರಡು ಹೈಡ್ರೋಜನ್ ಅಯಾನು ಬಿಡುಗಡೆಯಾಗುತ್ತವೆ, ಹುಳಿ ಬರುವುದು ಅದರಿಂದಲೇ. ಯೂರಿಯಾ ಒಡೆಯುವಾಗ ಮೊದಲು ಒಂದಿಷ್ಟು ಹುಳಿಯನ್ನು ತಾನೇ ಹೀರಿಕೊಳ್ಳುತ್ತದೆ, ಆದ್ದರಿಂದ ಒಟ್ಟು ಪರಿಣಾಮ ಕಡಿಮೆ. 100 ಕೆ.ಜಿ. ಅಮೋನಿಯಂ ಸಲ್ಫೇಟ್ ಉಂಟುಮಾಡುವ ಹುಳಿಗೆ ಸುಮಾರು 110 ಕೆ.ಜಿ. ಸುಣ್ಣಕಲ್ಲಿನ ಪುಡಿ ಬೇಕು, 100 ಕೆ.ಜಿ. ಯೂರಿಯಾಕ್ಕೆ ಸುಮಾರು 80 ಕೆ.ಜಿ. ಚೀಲದ ಲೆಕ್ಕದಲ್ಲಿ ಅಂತರ ಚಿಕ್ಕದೆನಿಸಬಹುದು. ಆದರೆ ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕ ಶೇ. 21 ಮಾತ್ರ. 40 ಕೆ.ಜಿ. ಸಾರಜನಕ ಕೊಡಲು ಅದು 190 ಕೆ.ಜಿ. ಬೇಕು, ಅದಕ್ಕೆ ಸುಣ್ಣಕಲ್ಲು 210 ಕೆ.ಜಿ. ಅಷ್ಟೇ ಸಾರಜನಕ ಯೂರಿಯಾದಲ್ಲಿ ಕೊಟ್ಟರೆ 87 ಕೆ.ಜಿ. ಸಾಕು, ಸುಣ್ಣಕಲ್ಲು 70 ಕೆ.ಜಿ.

ಅಮೋನಿಯಂ ಸಲ್ಫೇಟಿನಲ್ಲಿರುವ ಶೇ. 24 ಗಂಧಕ ಎಣ್ಣೆಕಾಳು, ಈರುಳ್ಳಿಗೆ ಬೇಕಾದದ್ದೇ. ಸುಣ್ಣವಿರುವ ಎರೆಮಣ್ಣಿನಲ್ಲಿ ಅದರ ಹುಳಿಗೆ ಹೆದರಬೇಕಿಲ್ಲ, ಅಲ್ಲಿ ಅದರಿಂದಲೂ ಅಮೋನಿಯಾ ಹಾರುತ್ತದೆ ಎಂಬುದು ನೆನಪಿರಲಿ. ನಿಮ್ಮ 5.4ರ ಮಣ್ಣಿಗೆ ಅದು ಸಲ್ಲದು. ಪರೀಕ್ಷಾ ವರದಿ ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಕೆಲವು ವಾರ ಮೊದಲೇ ಸೇರಿಸಿ. ಸುಣ್ಣ ಮತ್ತು ಯೂರಿಯಾವನ್ನು ಒಂದೇ ದಿನ ಎರಚಬೇಡಿ, ಅಮೋನಿಯಾ ಕಣ್ಣೆದುರೇ ಹೋಗುತ್ತದೆ.

ಪ್ರಶ್ನೆ: ಮಣ್ಣಿಗೆ ಯೂರಿಯಾ ಬಿಟ್ಟು ಎಲೆಗೆ ಮಾತ್ರ ಸಿಂಪಡಿಸಿದರೆ ಸೂಕ್ಷ್ಮಾಣುಗಳ ಗೊಡವೆಯೇ ಇರುವುದಿಲ್ಲವಲ್ಲ?

ಉತ್ತರ: ಶೇ. 2ರ ದ್ರಾವಣವನ್ನು ಎಕರೆಗೆ 200 ಲೀಟರ್ ಹೊಡೆದರೆ ಯೂರಿಯಾ 4 ಕೆ.ಜಿ., ಸಾರಜನಕ 2 ಕೆ.ಜಿ.ಗೂ ಕಡಿಮೆ. ತುರ್ತಿಗೆ ಆಗುತ್ತದೆ, ಬೆಳೆಯ ಪೂರ್ತಿ ಊಟವಾಗದು. ದ್ರಾವಣ ಗಟ್ಟಿ ಮಾಡಿದರೆ ಎಲೆಯ ಅಂಚು ಸುಡುತ್ತದೆ. ಬೈಯುರೆಟ್ (ಯೂರಿಯಾದಲ್ಲಿ ಬೆರೆತಿರುವ, ಎಲೆಗೆ ಹಾನಿ ಮಾಡುವ ಕಲ್ಮಶ) ಕಡಿಮೆಯಿರುವ ಯೂರಿಯಾವನ್ನು ಸಂಜೆ ಸಿಂಪಡಿಸಿ.

ಪ್ರಶ್ನೆ: ಈ ವರ್ಷ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಹಾಕಿದ್ದೇನೆ. ಯೂರಿಯಾ ಪೂರ್ತಿ ನಿಲ್ಲಿಸಬಹುದೇ?

ಉತ್ತರ: ಶೇ. 0.5 ಸಾರಜನಕವೆಂದರೆ 4 ಟನ್ನಿನಲ್ಲಿ 20 ಕೆ.ಜಿ. ಅದರಲ್ಲಿ ಮೊದಲ ವರ್ಷ ಸೂಕ್ಷ್ಮಾಣುಗಳು ಬಿಡಿಸಿ ಬೆಳೆಗೆ ಕೊಡುವುದು ಶೇ. 20-30, ಅಂದರೆ 4-6 ಕೆ.ಜಿ. ಯೂರಿಯಾದ ಲೆಕ್ಕದಲ್ಲಿ 9-13 ಕೆ.ಜಿ. ಈ ವರ್ಷ ಅಷ್ಟನ್ನು ಮಾತ್ರ ಕಡಿಮೆ ಮಾಡಿ. ಪ್ರತಿ ವರ್ಷ ಹಾಕುತ್ತ ಹೋದರೆ ಹಿಂದಿನ ವರ್ಷಗಳ ಬಾಕಿಯೂ ಸೇರಿಕೊಂಡು ಕಡಿತ ಹೆಚ್ಚುತ್ತ ಹೋಗಬಹುದು. ಕೋಳಿ ಗೊಬ್ಬರವಾದರೆ ಲೆಕ್ಕ ಬೇರೆ. ಅದರಲ್ಲಿ ಸಾರಜನಕ ಶೇ. 2-3 ಇರುತ್ತದೆ, ಅರ್ಧದಷ್ಟು ಮೊದಲ ಬೆಳೆಗೇ ಸಿಗುತ್ತದೆ. ಅದನ್ನು ಹೊಲದಲ್ಲಿ ಗುಪ್ಪೆ ಹಾಕಿ ಬಿಸಿಲಿಗೆ ಬಿಡಬೇಡಿ. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಿ.